ನ್ಯಾಯಾಧೀಶರ ಐವತ್ತೆಂಟನೆಯ ವರ್ಷ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕೌಂಟಿಯ ವಿಚಾರಣಾ ನ್ಯಾಯಾಧೀಶರು 6 ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲಬೇಕು. ಎದುರಾಳಿ ಇರುವುದಿಲ್ಲ, ಇವರು ಮುಂದುವರಿಯಬೇಕೇ, ಬೇಡವೇ ಎಂಬುದೊಂದೇ ಪ್ರಶ್ನೆ. ನೂರಕ್ಕೆ 60 ಮತ ಒಪ್ಪಿಗೆಯಾಗಿ ಬೀಳದಿದ್ದರೆ ಪೀಠ ಬಿಡಬೇಕು. ಇದನ್ನು ಓದಿದಾಗ ನಮ್ಮ ದೊಡ್ಡಬಳ್ಳಾಪುರದ ನ್ಯಾಯಾಲಯ ನೆನಪಾಯಿತು. ಜಮೀನಿನ ದಾವೆಯೊಂದಕ್ಕಾಗಿ ಅಲ್ಲಿನ ಜಗಲಿಯಲ್ಲಿ ಹಲವು ವಾಯಿದೆಗಳನ್ನು ಕಳೆದಿದ್ದೇನೆ. ಸೋತವರು ಮೆಟ್ಟಿಲಿಳಿಯುತ್ತ ಆಡುವ ಮಾತುಗಳನ್ನು ಕೇಳಿದ್ದೇನೆ. ಪ್ರತಿ ದಾವೆಯಲ್ಲೂ ಸೋಲುವವನೊಬ್ಬ ಇದ್ದೇ ಇರುವಾಗ ಮತಪೆಟ್ಟಿಗೆಗೆ ರಾಗದ್ವೇಷಗಳಲ್ಲದೆ ಮತ್ತೇನು ಬಿದ್ದೀತು?

ನಮ್ಮ ಸಂವಿಧಾನದ 235ನೆಯ ಅನುಚ್ಛೇದದಂತೆ ಅಧೀನ ನ್ಯಾಯಾಲಯಗಳ ನಿಯಂತ್ರಣ ಉಚ್ಚ ನ್ಯಾಯಾಲಯದ್ದು. ಆ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಲು ಆದೇಶಿಸಿದ್ದ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಒಂದು ಷರತ್ತನ್ನು ಸೇರಿಸಿತು. 58 ತುಂಬುವ ಮೊದಲೇ ಸೇವಾ ದಾಖಲೆ, ಗೋಪ್ಯ ವರದಿ, ತೀರ್ಪುಗಳ ಗುಣಮಟ್ಟ ಇವನ್ನು ಉಚ್ಚ ನ್ಯಾಯಾಲಯ ಪರಿಶೀಲಿಸಬೇಕು, ಯೋಗ್ಯರೆನಿಸಿದವರಷ್ಟೇ ಮುಂದುವರಿಯಬೇಕು. ದೇವನಹಳ್ಳಿಯಲ್ಲೋ ಹೊಸಕೋಟೆಯಲ್ಲೋ ಸಿವಿಲ್ ನ್ಯಾಯಾಧೀಶರಾಗಿ ಕುಳಿತು ಮೇಲೇರಿದವರಿಗೂ ಈ ಹೊಸ್ತಿಲು ತಪ್ಪದು.

ಊರೆಲ್ಲ ಅಪರಾಧಿಯೆಂದವನನ್ನು ಸಾಕ್ಷ್ಯವಿಲ್ಲವೆಂದು ಬಿಡುಗಡೆ ಮಾಡಲು ಧೈರ್ಯ ಬೇಕಲ್ಲವೇ? ಆ ಧೈರ್ಯ ಮತದಾರನ ಕೈಯಲ್ಲಿ ಒತ್ತೆಯಾಗಬಾರದು. ಹಾಗಾಗಿ ನನ್ನ ಮನಸ್ಸು ನಮ್ಮ ಪದ್ಧತಿಯ ಕಡೆಗೇ. ಆದರೂ ಒಂದು ಶಂಕೆ ಕಾಡುತ್ತದೆ. ಗೋಪ್ಯ ವರದಿಯಲ್ಲಿ ಮೇಲಧಿಕಾರಿ ಬರೆದ ಒಂದು ಸಾಲಿನ ಷರಾ ಸಾವಿರ ಮತಗಳಿಗಿಂತ ಭಾರವಾಗಬಹುದು. ಕಡ್ಡಾಯ ನಿವೃತ್ತಿಗೆ ಮುನ್ನ ಅಧಿಕಾರಿಯ ಮಾತನ್ನು ಆಲಿಸಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೇ 1992ರಲ್ಲಿ ಹೇಳಿತು. ಮೂವತ್ತು ವರ್ಷ ಎರಡೂ ಪಕ್ಷಗಳ ಅಹವಾಲು ಕೇಳಿ, ಕಾರಣಗಳನ್ನು ಬರೆದು ತೀರ್ಪಿತ್ತವರಿಗೆ ಅವರ ಸ್ವಂತ ವಿಷಯದಲ್ಲಿ ಅಷ್ಟಾದರೂ ದೊರೆಯಬೇಡವೇ?