ಕೂಡುವ ಲೆಕ್ಕ, ಗುಣಿಸುವ ಲೆಕ್ಕ

ನಾನು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವಳು. ಕಲಿಸುವುದು ಸಮಾಜ ವಿಜ್ಞಾನ. ಆದರೆ ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಅವರ ಪಿರಿಯಡ್ಡು ನನ್ನ ಪಾಲಿಗೇ ಬರುತ್ತದೆ. ನಮ್ಮ ಹೆಡ್‌ಮಾಸ್ಟರ ಲೆಕ್ಕದಲ್ಲಿ ಅರ್ಥಶಾಸ್ತ್ರವೆಂದರೆ ಗಣಿತದ ಅಕ್ಕನೋ ತಂಗಿಯೋ ಇರಬೇಕು. ಹೀಗಾಗಿ ಶ್ರೇಢಿಗಳ ಪಾಠ ನನಗೂ ಬಾಯಿಪಾಠವಾಗಿದೆ.

ಸಮಾಂತರ ಶ್ರೇಢಿ ಸಾಧು ಪ್ರಾಣಿ. ಎರಡು, ನಾಲ್ಕು, ಆರು, ಎಂಟು ಎಂದು ಪ್ರತಿಸಲವೂ ಅಷ್ಟಷ್ಟೇ ಕೂಡುತ್ತ ಹೋಗುತ್ತದೆ. ಗುಣೋತ್ತರ ಶ್ರೇಢಿಯೂ ಎರಡು, ನಾಲ್ಕು ಎಂದೇ ಹೊರಡುತ್ತದೆ. ಆಮೇಲೆ ಎಂಟು, ಹದಿನಾರು, ಮೂವತ್ತೆರಡು. ಮೊದಲೆರಡು ಹೆಜ್ಜೆಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ, ಮೋಸ ಹೋಗುವುದೂ ಅಲ್ಲೇ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಲೀಲಾವತಿ’ಯಲ್ಲಿ ಒಬ್ಬ ದಾನಿ ಬರುತ್ತಾನೆ. ಮೊದಲ ದಿನ ಎರಡು ಕವಡೆ, ಆಮೇಲೆ ದಿನದಿನವೂ ಇಮ್ಮಡಿ. ಹದಿನೈದು ದಿನಕ್ಕೆ ಎಲ್ಲ ಸೇರಿ 65,534 ಕವಡೆ. ಮೂವತ್ತು ದಿನಕ್ಕೆ? 2,14,74,83,646! ಹದಿನಾರನೆಯ ಬೆಳಿಗ್ಗೆ ಆತನ ಹೆಂಡತಿ ಸುಮ್ಮನಿದ್ದಳೇ ಎಂದು ನನಗೆ ಯಾವಾಗಲೂ ಅನುಮಾನ.

ಹತ್ತನೇ ತರಗತಿಯ ಈಗಿನ ರಾಜ್ಯ ಪಠ್ಯದಲ್ಲಿ ಸಮಾಂತರ ಶ್ರೇಢಿ ಮಾತ್ರ ಇದೆ. ಮೊದಲು ಜೊತೆಗಿದ್ದ ಗುಣೋತ್ತರ, ಪಿಯುಸಿ ಗಣಿತಕ್ಕೆ ಹೋಯಿತು. ಕಲಾ ವಿಭಾಗ ಸೇರುವ, ಇಲ್ಲವೆ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸುವ ಹುಡುಗಿಯರು ಅದರ ಮುಖ ಕಾಣುವುದಿಲ್ಲ. ಕೆಳಗಿನ ತರಗತಿಯಲ್ಲಿ ಚಕ್ರಬಡ್ಡಿ ಬಂದುಹೋಗಿರುತ್ತದೆ, ನಿಜ. ಅಲ್ಲಿ ಎರಡು ಮೂರು ವರ್ಷದ ಲೆಕ್ಕ; ಅಷ್ಟರಲ್ಲಿ ಅದು ತನ್ನ ನಿಜರೂಪ ತೋರಿಸಿರುವುದಿಲ್ಲ.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ ದೊಡ್ಡ ಮಗಳ ಬಾಣಂತನಕ್ಕೆಂದು ಹತ್ತು ಸಾವಿರ ಸಾಲ ತಂದಿದ್ದಳು. ನೂರಕ್ಕೆ ಹತ್ತು, ತಿಂಗಳ ಬಡ್ಡಿ. ಒಂದು ವರ್ಷ ಬಿಡಿಗಾಸೂ ಕಟ್ಟಲಾಗಲಿಲ್ಲ. ಕಿರಿಯ ಮಗಳು ಆಗ ಹತ್ತನೇ ತರಗತಿಯಲ್ಲಿದ್ದಳು, ಜಾಣೆ. ತಿಂಗಳಿಗೆ ಒಂದು ಸಾವಿರದಂತೆ ಹನ್ನೆರಡು ಸಾವಿರ ಬಡ್ಡಿ, ಒಟ್ಟು ಇಪ್ಪತ್ತೆರಡು ಸಾವಿರ ಎಂದು ಅಮ್ಮನಿಗೆ ಹೇಳಿಕೊಟ್ಟಿದ್ದಳು. ಸಾಲ ಕೊಟ್ಟವನು ಕೇಳಿದ್ದು 31,384.

“ಅವ್ನು ಮೋಸ ಮಾಡ್ತಿದಾನೆ ಮಿಸ್” ಎಂದು ನೋಟ್‌ಬುಕ್ಕು ಹಿಡಿದು ಬಂದಳು. ಅವಳ ಲೆಕ್ಕ ಅವಳ ಪುಸ್ತಕದ ಪ್ರಕಾರ ಸರಿಯೇ. ಅವನ ಪುಸ್ತಕವೇ ಬೇರೆ: ಕಟ್ಟದ ಬಡ್ಡಿಯನ್ನು ತಿಂಗಳು ತಿಂಗಳೂ ಅಸಲಿಗೆ ಸೇರಿಸಿದ್ದ. ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಕೂತು ಇಬ್ಬರೂ 1.1ರಿಂದ ಗುಣಿಸುತ್ತ ಹೋದೆವು. 11,000. 12,100. 13,310. ಅಲ್ಲಿಯವರೆಗೂ “ಸ್ವಲ್ಪ ತಾನೆ ಜಾಸ್ತಿ” ಎನ್ನುತ್ತಿದ್ದಳು. ಎಂಟನೆಯ ತಿಂಗಳಿಗೆ 21,435 ಬಂದಾಗ ಅವಳ ಮಾತು ನಿಂತಿತು. ಇನ್ನೊಂದು ವರ್ಷ ಹೀಗೇ ಬಿಟ್ಟರೆ? ಅವಳೇ ಗುಣಿಸಿದಳು. ತೊಂಬತ್ತೆಂಟು ಸಾವಿರ ದಾಟಿತು.

ಇಂಥ ಕಡೆ ಒಂದು ಸುಲಭದ ಉಪಾಯವಿದೆ, ನಿಮಗೂ ಗೊತ್ತಿರಲಿ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎಷ್ಟು ಕಾಲಕ್ಕೆ ಇಮ್ಮಡಿಯಾಗುತ್ತದೆಂಬ ಅಂದಾಜು ಸಿಗುತ್ತದೆ. ತಿಂಗಳಿಗೆ ನೂರಕ್ಕೆ ಹತ್ತಾದರೆ ಏಳು ತಿಂಗಳು ಚಿಲ್ಲರೆ. ಬ್ಯಾಂಕಿನ ಠೇವಣಿಗೆ ವರ್ಷಕ್ಕೆ ಆರು ಸಿಕ್ಕರೆ ಹನ್ನೆರಡು ವರ್ಷ. ಶ್ರೇಢಿ ಒಂದೇ, ನಮ್ಮ ಕಡೆ ಬರುವಾಗ ತುಂಬುಬಸುರಿಯ ನಡಿಗೆ, ನಮ್ಮಿಂದ ಹೋಗುವಾಗ ಕುದುರೆಯ ಓಟ.

ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿ 2004ರಲ್ಲೇ ಬಂದಿದೆ. ಕಿರುಸಾಲದ ವಸೂಲಿ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ದೂರು ಕೊಡೋಣವೇ ಎಂದು ತಾಯಿಯನ್ನು ಕೇಳಿದೆ. “ಅವನ ಬೀದೀಲೇ ನಾವಿರೋದು ಮೇಡಮ್ಮೋರೆ” ಎಂದಳು. ಮುಂದೆ ನಾನೂ ಒತ್ತಾಯಿಸಲಿಲ್ಲ.

ಕೊನೆಗೆ ಓಲೆ, ಗುಂಡಿನ ಸರ ಸೊಸೈಟಿಯಲ್ಲಿ ಅಡವಿಟ್ಟು ಆ ಸಾಲ ಚುಕ್ತಾ ಮಾಡಿದರು. ಅಲ್ಲಿ ಬಡ್ಡಿ ನೂರಕ್ಕೆ ಹನ್ನೆರಡು. “ವರ್ಷಕ್ಕಾ, ತಿಂಗಳಿಗಾ?” ಎಂದು ಹುಡುಗಿ ಎರಡು ಸಲ ಕೇಳಿದಳಂತೆ. ಕಟ್ಟುವುದು ತಡವಾದರೆ ಬಡ್ಡಿ ಅಸಲಿಗೆ ಎಷ್ಟು ತಿಂಗಳಿಗೊಮ್ಮೆ ಸೇರುತ್ತದೆ ಎಂದೂ ಕೇಳಿದಳಂತೆ. ಗುಮಾಸ್ತರು ಸಿಡುಕಿದರೂ ಚೀಟಿಯಲ್ಲಿ ಬರೆದುಕೊಟ್ಟರು.

ಈಗ ಅವಳು ಪಿಯುಸಿ, ಕಲಾ ವಿಭಾಗ. ಓಲೆ ಬಿಡಿಸಲು ಇನ್ನೂ ನಾಲ್ಕು ಕಂತು ಇದೆ.