ಊರಿಗೆ ಪೊಲೀಸ್ ನಾಯಿ ಏಕೆ ಬೇಕು?

ಭಾವಿಕೇರಿಯಂಥ ಊರಿನಲ್ಲಿ ಕಳ್ಳತನವಾದರೆ ಪೊಲೀಸರಿಗಿಂತ ಮೊದಲು ಸುದ್ದಿ ಓಡುತ್ತದೆ. ದುಡಿಯಲು ಹೊರಗಿನಿಂದ ಬಂದವರು, ಬೇರೆ ಭಾಷೆಯವರು, ಯಾವುದೋ ಕೇರಿಯ ಹುಡುಗರು ಎಂದು ಬೆರಳು ತೋರಿಸುವುದು ಸುಲಭ. ಆ ಬೆರಳು ನಮ್ಮ ಕಡೆಗೂ ತಿರುಗಬಹುದು ಎಂಬ ಅಳುಕು ಮನೆಯಲ್ಲಿ ಉರ್ದು ಮಾತಾಡುವ ನನಗೆ ಗೊತ್ತು. ಪೊಲೀಸ್ ನಾಯಿ ಯಾರ ಹೆಸರನ್ನೂ ಕೇಳುವುದಿಲ್ಲ. ಸ್ಥಳದಲ್ಲಿ ಉಳಿದ ವಾಸನೆ ಹಿಡಿದು ಹೊರಡುತ್ತದೆ.

2020ರ ಜುಲೈನಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ಒಂದು ಕೊಲೆಯಾದಾಗ, ಅಲ್ಲಿನ ಶ್ವಾನದಳದ ಡಾಬರ್‌ಮನ್ 'ತುಂಗಾ' 10 ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಪೊಲೀಸರಿಗೆ ಆರೋಪಿಯ ಸುಳಿವು ಕೊಟ್ಟಿತು. ಸಿಸಿಟಿವಿ ಇಲ್ಲದ ಹಳ್ಳಿ ದಾರಿಯಲ್ಲಿ ಇಂಥ ಸಹಾಯ ದೊಡ್ಡದು.

ಹಾಗೆಂದು ನಾಯಿ ಹೋಗಿ ನಿಂತ ಮನೆಯವನೇ ಕಳ್ಳ ಎನ್ನುವಂತಿಲ್ಲ. ಮಳೆ, ಜನರ ಓಡಾಟ ವಾಸನೆಯನ್ನು ಕೆಡಿಸುತ್ತವೆ. ನಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಲೂ ಆಗದು. ಅದು ತೋರಿಸಿದ ಜಾಡಿಗೆ ಸಾಕ್ಷ್ಯವಾಗಿ ಹೆಚ್ಚು ತೂಕವಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನಾಯಿ ದಾರಿ ತೋರಿಸಬೇಕು, ಸಾಕ್ಷ್ಯವನ್ನು ಪೊಲೀಸರೇ ಹುಡುಕಬೇಕು.

ನಮ್ಮ ಅನೇಕ ಮನೆಗಳಲ್ಲಿ ನಾಯಿಯನ್ನು ಒಳಗೆ ಸೇರಿಸುವುದಿಲ್ಲ. ಆದರೆ ತರಬೇತಿ ಪಡೆದ ಬೇಟೆನಾಯಿ ಹಿಡಿದು ತಂದುದನ್ನು ತಿನ್ನಲು ಕುರ್‌ಆನಿನ ಅಲ್ ಮಾಇದಾ ಅಧ್ಯಾಯದಲ್ಲಿ ಅನುಮತಿ ಇದೆ. ಕಲಿತ ನಾಯಿಯ ಕೆಲಸಕ್ಕೆ ಬೆಲೆಯಿದೆ ಎಂದೇ ಅರ್ಥ.

ಊರಿನಲ್ಲಿ ಅಪರಾಧ ನಡೆದಾಗ ನಾವು ಮಾಡಬೇಕಾದ್ದು ಇಷ್ಟೇ: ಗುಂಪುಗೂಡಿ ಸ್ಥಳ ತುಳಿಯಬಾರದು, ಅಲ್ಲಿನ ಯಾವ ವಸ್ತುವನ್ನೂ ಮುಟ್ಟಬಾರದು. ಶ್ವಾನದಳ ಬಂದು, ತನಿಖೆ ಮುಗಿಯುವ ತನಕ ಯಾರನ್ನೂ ಕಳ್ಳನೆಂದು ಕರೆಯಬಾರದು.