ಉಮೇದುವಾರ

ಚುನಾವಣೆಗೆ ನಿಲ್ಲುವವನಿಗೆ ನಮ್ಮಲ್ಲಿ ಎರಡು ಹೆಸರುಗಳಿವೆ. ಹಳಬರು ‘ಉಮೇದುವಾರ’ ಎನ್ನುತ್ತಿದ್ದರು. ಈಗಿನ ಪತ್ರಿಕೆಗಳು ‘ಅಭ್ಯರ್ಥಿ’ ಎಂದು ಬರೆಯುತ್ತವೆ. ಮೊದಲನೆಯದು ಪಾರಸಿಯಿಂದ ಬಂದ ಮಾತು. ಉಮೇದು ಎಂದರೆ ಆಸೆ, ಭರವಸೆ. ಎರಡನೆಯದು ಸಂಸ್ಕೃತದ್ದು, ಅರ್ಥಿ ಎಂದರೆ ಬೇಡುವವನು. ತಂದೆಯ ಕ್ಷೇತ್ರವನ್ನು ಪಿತ್ರಾರ್ಜಿತ ಗದ್ದೆಯಂತೆ ಪಡೆದವನಿಗೆ ಈ ಎರಡರ ನಡುವಣ ದೂರ ತಿಳಿಯುವ ಪ್ರಸಂಗವೇ ಬರಲಾರದು. ಹಳ್ಳಿಯಿಂದ ಮೊದಲ ಸಲ ವಿಧಾನಸಭೆಗೆ ನಿಲ್ಲುವ ಬಡವನಿಗೆ ಮಾತ್ರ ಅದು ಚೆನ್ನಾಗಿ ತಿಳಿಯುತ್ತದೆ. ಉಮೇದು ಮನೆಯ ಜಗಲಿಯ ಮೇಲೆ ಹುಟ್ಟುತ್ತದೆ. ಅಂಗಳ ದಾಟಿದ ಕೂಡಲೇ ಬೇಡುವುದು ಪ್ರಾರಂಭವಾಗುತ್ತದೆ.

2023ರ ವಿಧಾನಸಭಾ ಚುನಾವಣೆಯಲ್ಲಿ ಶಿವಮೊಗ್ಗ ಜಿಲ್ಲೆಯ ನಮ್ಮ ಕಡೆಯಿಂದ ನನ್ನ ಗೆಳೆಯನೊಬ್ಬ ಪಕ್ಷೇತರನಾಗಿ ನಿಂತನು. ಅವನ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಅವನಿಗೆ ಸಂಕೋಚ. ಶಾಸಕನಾಗಬೇಕೆಂಬ ಹುಚ್ಚು ಅವನಿಗಿರಲಿಲ್ಲ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿಯ ಹಿನ್ನೀರಿನಲ್ಲಿ ಅವನ ಅಜ್ಜನ ಮನೆ, ಗದ್ದೆ, ಕೊಟ್ಟಿಗೆ ಎಲ್ಲವೂ ಮುಳುಗಿದವು. ಒಕ್ಕಲುಗಳನ್ನು ಕಾಡಿನ ಅಂಚಿಗೆ ಸಾಗಿಸಿದರು. ಅಲ್ಲಿಯೇ ಅವರು ಗುಡಿಸಲು ಹಾಕಿದರು, ನೆಲ ಅಗೆದರು, ಅಡಕೆಯ ಸಸಿ ನೆಟ್ಟರು. ಶರಾವತಿಯ ವಿದ್ಯುದಾಗಾರ 1,035 ಮೆಗಾವಾಟಿನದಾಗಿ ಬೆಳೆದು ನಾಡಿನ ದೀಪ ಹೊತ್ತಿಸಿತು. ಮುಳುಗಡೆಯಾದವರ ಪೈಕಿ ಎಷ್ಟೋ ಕುಟುಂಬಗಳಿಗೆ ಮಾತ್ರ ತಾವು ಉಳುವ ನೆಲದ ಹಕ್ಕುಪತ್ರ 2023ರಲ್ಲಿಯೂ ಸಿಕ್ಕಿರಲಿಲ್ಲ. ಇಪ್ಪತ್ತು ವರ್ಷ ಕಚೇರಿಗಳಿಗೆ ಅರ್ಜಿ ಕೊಟ್ಟು ಸಾಕಾಗಿ, ‘ಒಂದು ಸಲ ನಾವೇ ನಿಂತು ನೋಡಿದರಾಗದೇ?’ ಎಂದು ನನ್ನ ಗೆಳೆಯನಿಗೆ ಅನ್ನಿಸಿತು.

ಪಕ್ಷದ ಬೆಂಬಲವುಳ್ಳವನಿಗೆ ನಾಮಪತ್ರದಲ್ಲಿ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಜನ ಬೇಕು. ಆ ಹತ್ತರಲ್ಲಿ ನಾನೂ ಒಬ್ಬ. ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ಕಾಗದಪತ್ರ ತುಂಬುವ ಕೆಲಸವೂ ನನ್ನ ಪಾಲಿಗೇ ಬಂದಿತು. ಠೇವಣಿ ಹತ್ತು ಸಾವಿರ ರೂಪಾಯಿ. ಖರ್ಚಿಗೆ ಆಯೋಗ 2022ರಲ್ಲಿ ಗೊತ್ತುಪಡಿಸಿದ ಮಿತಿ ನಲವತ್ತು ಲಕ್ಷ. ಈ ಮಿತಿಯ ಮಾತು ಓದಿದಾಗ ಗೆಳೆಯ ಬಹಳ ಹೊತ್ತು ನಕ್ಕನು. ‘ಇದನ್ನು ದಾಟದಂತೆ ನೋಡಿಕೊಳ್ಳುವ ಹೊಣೆ ನಿನ್ನದು’ ಎಂದು ನನಗೆ ಅಪ್ಪಣೆ ಮಾಡಿದನು.

ನಗು ನಿಂತದ್ದು ಆಸ್ತಿಯ ಪ್ರಮಾಣಪತ್ರಕ್ಕೆ ಬಂದಾಗ. ಉಮೇದುವಾರನು ತನ್ನ, ತನ್ನ ಹೆಂಡತಿಯ, ಅವಲಂಬಿತರ ಆಸ್ತಿ ಸಾಲಗಳನ್ನೆಲ್ಲ ಅದರಲ್ಲಿ ಪ್ರಮಾಣ ಮಾಡಿ ಹೇಳಬೇಕು. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ. ಸುಪ್ರೀಂ ಕೋರ್ಟು 2013ರಲ್ಲಿ ಹಾಗೆಂದು ತೀರ್ಪು ಕೊಟ್ಟಿದೆ. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದಾದರೂ ಬರೆಯಬೇಕು. ಉದ್ಯೋಗ ಎಂಬಲ್ಲಿ ‘ಕೃಷಿ’ ಎಂದು ಬರೆದೆ. ಕೃಷಿ ಜಮೀನು, ಸರ್ವೆ ನಂಬರು ಎಂಬಲ್ಲಿಗೆ ಬಂದು ಲೇಖನಿ ನಿಂತಿತು. ಅವನ ತಂದೆ ನೆಟ್ಟ ಅಡಕೆ ಮರಗಳು ಮನೆಯ ಹಿಂದೆಯೇ ಇದ್ದವು. ನಾನು ಕುಳಿತಲ್ಲಿಂದ ಕಾಣುತ್ತಿದ್ದವು. ಪಹಣಿಯಲ್ಲಿ ಮಾತ್ರ ಅವು ಯಾರವೂ ಅಲ್ಲ. ಅವನು ನನ್ನ ಮುಖ ನೋಡಲಿಲ್ಲ. ‘ಬರೆ ಮಾರಾಯಾ, ಇಲ್ಲ ಎಂದು ಬರೆ’ ಎಂದನು. ಸಾಲದ ಅಂಕಣದಲ್ಲಿ ಹೆಂಡತಿಯ ಸರ ಒತ್ತೆಯಿಟ್ಟು ತಂದ ಹಣವನ್ನು ಕಾಣಿಸಿದೆವು. ಪಹಣಿಯಿಲ್ಲದವನಿಗೆ ಬೇರೆ ಸಾಲ ಹುಟ್ಟುವುದಾದರೂ ಎಲ್ಲಿ?

ಈ ಪ್ರಮಾಣಪತ್ರವನ್ನು ಸಾರ್ವಜನಿಕರ ಅವಗಾಹನೆಗಾಗಿ ಪ್ರಕಟಿಸುತ್ತಾರೆ. ಕೋಟಿ ಕೋಟಿ ಆಸ್ತಿಯುಳ್ಳವರ ಕಾಗದವನ್ನು ಜನ ಬೆರಗಿನಿಂದ ಓದುತ್ತಾರೆ, ಮರೆಯುತ್ತಾರೆ. ಹಳ್ಳಿಯವನ ಕಾಗದದ ಕಥೆ ಬೇರೆ. ಸರ ಎಲ್ಲಿ ಹೋಯಿತೆಂದು ಕೇಳಿದ ನೆಂಟರಿಗೆ ಆ ಗೃಹಿಣಿ ಎರಡು ವರ್ಷದಿಂದ ‘ತುಂಡಾಗಿದೆ, ಅಕ್ಕಸಾಲಿಗನಲ್ಲಿದೆ’ ಎಂದು ಹೇಳಿಕೊಂಡು ಬಂದಿದ್ದಳು. ಒಂದೇ ಸಂಜೆಯಲ್ಲಿ ಆ ಮಾತು ಸುಳ್ಳಾಯಿತು. ಪಾರದರ್ಶಕತೆ ಪ್ರಜಾಪ್ರಭುತ್ವಕ್ಕೆ ಬೇಕೇ ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದಕ್ಕಾಗಿ ಬಡವನ ಮನೆ ತೆರುವ ಸುಂಕ ಶ್ರೀಮಂತನ ಮನೆ ತೆರುವುದಕ್ಕಿಂತ ಹೆಚ್ಚು. ಆಕೆ ಗಂಡನಿಗೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕರಪತ್ರದ ಚೀಲವನ್ನು ತಾನೇ ಎತ್ತಿಕೊಂಡು ಮೊದಲು ಹೊರಟಳು.

ಬೇಡುವುದು ಎಷ್ಟು ಕಠಿಣವೆಂಬುದು ಆ ದಿನ ಗೊತ್ತಾಯಿತು. ಬೇರೆಯವರ ಪಡಿತರ ಚೀಟಿಗಾಗಿ, ಆಸ್ಪತ್ರೆಯ ಹಾಸಿಗೆಗಾಗಿ ಯಾರ ಎದುರಿಗಾದರೂ ನಿಂತು ವಾದಿಸುತ್ತಿದ್ದ ಮನುಷ್ಯ, ಮೊದಲ ಮೂರು ಮನೆಗಳಲ್ಲಿ ಅಡಕೆಯ ಧಾರಣೆ, ಎಲೆಚುಕ್ಕಿ ರೋಗ, ದನದ ಕಾಲುನೋವು ಎಲ್ಲವನ್ನೂ ಮಾತನಾಡಿ, ಮಜ್ಜಿಗೆ ಕುಡಿದು, ಓಟಿನ ಸುದ್ದಿಯನ್ನೇ ಎತ್ತದೆ ಹೊರಬಂದನು.

‘ನೀನು ನೆಂಟರ ಮನೆಗೆ ಬಂದಿದ್ದೀಯೋ, ಓಟು ಕೇಳಲಿಕ್ಕೋ?’ ಎಂದು ಕೇಳಿದೆ.

‘ಇವರ ಮಗಳ ಮದುವೆಗೆ ಚಪ್ಪರ ಹಾಕಿದವನು ನಾನು. ಈಗ ಓಟು ಕೇಳಿದರೆ ಅದರ ಕೂಲಿ ಕೇಳಿದ ಹಾಗಾಗುವುದಿಲ್ಲವೇ?’ ಎಂದನು.

ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಅಪರಿಚಿತನಾದವನು ಕೈಮುಗಿದು ಓಟು ಕೇಳಬಲ್ಲ. ಅವನಿಗೂ ಜನರಿಗೂ ಹಿಂದಿನ ಲೆಕ್ಕವಿಲ್ಲ. ನೆರೆಯವನಿಗೆ ಪ್ರತಿಯೊಂದು ಬಾಗಿಲಲ್ಲಿಯೂ ಒಂದು ಹಳೆಯ ಲೆಕ್ಕ ಅಡ್ಡ ನಿಲ್ಲುತ್ತದೆ.

ಆದರೆ ಈ ಸೀಮೆಯಲ್ಲಿ ಹೀಗೆ ನಿಂತವರು ಹಿಂದೆ ಇಲ್ಲದಿಲ್ಲ, ನಿಂತು ಗೆದ್ದವರೂ ಇದ್ದಾರೆ. ಸಾಗರದ ಹತ್ತಿರದ ಕಾಗೋಡಿನಲ್ಲಿ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ ಹೊತ್ತಿಕೊಂಡ ಗೇಣಿದಾರರ ಹೋರಾಟ 1951ರಲ್ಲಿ ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ದೇಶದ ಮೊದಲ ಮಹಾಚುನಾವಣೆ. ತೀರ್ಥಹಳ್ಳಿ ತಾಲ್ಲೂಕಿನ ಬಡ ಕುಟುಂಬದಲ್ಲಿ 1923ರಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು, ಇನ್ನೂ ಮೂವತ್ತು ತುಂಬದ ಪ್ರಾಯದಲ್ಲಿ, ಸಾಗರದ ಕಡೆಯಿಂದ ಸಮಾಜವಾದಿ ಪಕ್ಷದ ಉಮೇದುವಾರರಾಗಿ ನಿಂತು ಗೆದ್ದರು. 99 ಸ್ಥಾನಗಳ ಆಗಿನ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 74 ಸ್ಥಾನಗಳು ಬಂದ ಚುನಾವಣೆ ಅದು. ಆಗ ಠೇವಣಿ 250 ರೂಪಾಯಿ; ಬಡವನಿಗೆ ಅದೂ ಸಣ್ಣ ಮೊತ್ತವಾಗಿರಲಿಲ್ಲ.

‘ಒಂದು ಓಟು, ಒಂದು ನೋಟು’ ಎಂಬ ಮಾತು ಮಲೆನಾಡಿನಲ್ಲಿ ಗೋಪಾಲಗೌಡರ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಓಟನ್ನೂ ಕೇಳುವುದು, ಚುನಾವಣೆಯ ಖರ್ಚಿಗೆ ಒಂದು ರೂಪಾಯಿಯನ್ನೂ ಕೇಳುವುದು. ಆ ಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಚಿಹ್ನೆ ಅಂಟಿಸಿದ ಒಂದೊಂದು ಪೆಟ್ಟಿಗೆ. ಮತಪತ್ರದ ಗಾತ್ರವೂ ಒಂದು ರೂಪಾಯಿ ನೋಟಿನಷ್ಟೇ. ಓಟೂ ನೋಟೂ ಅಕ್ಷರಶಃ ಒಂದೇ ಅಳತೆಯವಾಗಿದ್ದವು. ಈ ಮಾತಿನಲ್ಲಿ ಹಣದ ಉಪಾಯಕ್ಕಿಂತ ದೊಡ್ಡ ಉಪಾಯವೊಂದಿದೆ ಎಂದು ನನಗನ್ನಿಸುತ್ತದೆ. ಬರಿಯ ಓಟು ಕೇಳಿದವನು ಭಿಕ್ಷುಕ. ಜೊತೆಗೆ ದುಡ್ಡನ್ನೂ ಕೇಳಿದವನು ಪಾಲುಗಾರನನ್ನು ಹುಡುಕುತ್ತಿದ್ದಾನೆ. ಗಂಟಿನಿಂದ ರೂಪಾಯಿ ಬಿಚ್ಚಿ ಕೊಟ್ಟ ಒಕ್ಕಲಿಗೆ ಆ ಉಮೇದು ತನ್ನದೂ ಆಗುತ್ತದೆ. ಗೋಪಾಲಗೌಡರು 1957ರಲ್ಲಿ ಸೋತರು; 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು; 1972ರಲ್ಲಿ ತೀರಿಕೊಂಡರು. ಗೇಣಿದಾರನಿಗೆ ಒಡೆತನ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಮುಳುಗಡೆಯಾಗಿ ಕಾಡಿನ ಅಂಚಿಗೆ ಬಂದವನಿಗೆ ಮಾತ್ರ ಆ ಕಾಯಿದೆಯ ಬಾಗಿಲು ತೆರೆಯಲಿಲ್ಲ.

ಈ ಕಥೆಯನ್ನು ಗೆಳೆಯ ತನ್ನ ತಂದೆಯ ಬಾಯಲ್ಲಿ ಕೇಳಿದ್ದನು. ಆ ದಿನ ನಾಲ್ಕನೆಯ ಮನೆಯ ಮೆಟ್ಟಿಲು ಹತ್ತುವಾಗ, ‘ನೋಟನ್ನೇ ಮೊದಲು ಕೇಳುತ್ತೇನೆ. ಅದು ಸುಲಭವೆಂದು ಕಾಣುತ್ತದೆ’ ಎಂದನು. ಕೇಳಿಯೂ ಕೇಳಿದನು. ಹತ್ತು, ಇಪ್ಪತ್ತು, ಒಂದೆರಡು ಕಡೆ ನೂರು. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡೆವು.

ಚಿಹ್ನೆಗಾಗಿ ಅವನು ಮೊದಲು ಕೇಳಿದ್ದು ತೆಂಗಿನ ತೋಟವನ್ನು. ಸಿಕ್ಕಿದ್ದು ಅಡಿಗೆ ಅನಿಲದ ಸಿಲಿಂಡರು. ಆಗ ಅದರ ಬೆಲೆ ಸಾವಿರ ದಾಟಿತ್ತು. ‘ಬೇರೆ ಗುರುತೇ ಸಿಗಲಿಲ್ಲವೇನೋ? ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ’ ಎಂದು ಹೆಂಗಸರು ನಗುತ್ತ ಗದರಿಸಿದರು.

ಮತದಾನಕ್ಕೆ ಎರಡು ದಿನವಿದ್ದಾಗ ಹಿನ್ನೀರಿನ ಕಡೆಯ ಒಂದು ಒಂಟಿಮನೆಗೆ ಹೋದೆವು. ಅಲ್ಲಿನ ಅಜ್ಜಿ ಇವನ ಅಜ್ಜನೊಡನೆ ಅದೇ ಮುಳುಗಿದ ಊರಿನಿಂದ ಬಂದವಳು. ಇಪ್ಪತ್ತು ರೂಪಾಯಿಯ ನೋಟನ್ನು ಸೆರಗಿನ ತುದಿಯಿಂದ ಬಿಚ್ಚಿ ಇವನ ಅಂಗೈಯಲ್ಲಿಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ, ‘ದುಡ್ಡು ತಗೋ ತಮ್ಮಾ. ಓಟು ಮಾತ್ರ ಕೇಳಬೇಡ. ನಿನ್ನೆ ರಾತ್ರಿ ಯಾರೋ ಬಂದು ಮಗನ ಕೈಯಲ್ಲಿ ಹಣ ಕೊಟ್ಟು, ದೇವರ ಫೋಟೋ ಮುಟ್ಟಿಸಿ ಎಲ್ಲರಿಂದಲೂ ಆಣೆ ಹಾಕಿಸಿಕೊಂಡು ಹೋದರು. ದೇವರ ಆಣೆ ಮುರಿಯಲಾರೆ’ ಎಂದಳು.

ನೋಟು ಒಬ್ಬರಿಗೆ, ಓಟು ಇನ್ನೊಬ್ಬರಿಗೆ! ಗೋಪಾಲಗೌಡರ ಗಣಿತಕ್ಕೆ ಇಂಥದೊಂದು ಉತ್ತರ ಬಂದೀತೆಂದು ಯಾರು ಎಣಿಸಿದ್ದರು? ಇಪ್ಪತ್ತು ರೂಪಾಯಿಯನ್ನು ಹಿಂದಕ್ಕೆ ಕೊಡಹೋದರೆ ಅವಳ ಮನಸ್ಸು ನೋಯುತ್ತಿತ್ತು. ಅವನು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ‘ಆಣೆ ಮುರಿಯಬೇಡಿ ಅಜ್ಜೀ’ ಎಂದಷ್ಟೇ ಹೇಳಿದನು. ದಾರಿಯುದ್ದಕ್ಕೂ ನಾವು ಮಾತನಾಡಲಿಲ್ಲ.

ಮೇ 13ರಂದು ಎಣಿಕೆಯಾಯಿತು. ಸಿಂಧುವಾದ ಮತಗಳ ಆರರಲ್ಲೊಂದು ಪಾಲಿಗಿಂತ ಹೆಚ್ಚು ಬಂದರೆ ಮಾತ್ರ ಠೇವಣಿ ಮರಳುತ್ತದೆ; ಅದರ ಹತ್ತಿರಕ್ಕೂ ಅವನು ಬರಲಿಲ್ಲ. ಮೂವತ್ತು ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕಷ್ಟೆ. ಅದನ್ನು ಪೈಸೆ ತಪ್ಪದೆ ಒಪ್ಪಿಸಿದನು. ಅಷ್ಟರಲ್ಲಿ ಮಳೆಗಾಲದ ಮೋಡ ಕವಿಯಿತು. ಅಡಕೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ಆಳು ಹುಡುಕುತ್ತ ಹಿನ್ನೀರಿನ ಕಡೆಗೆ ಹೋದಾಗ ನಾನೂ ಜೊತೆಗಿದ್ದೆ. ಅಜ್ಜಿ ಅಂಗಳದಲ್ಲಿ ಹಪ್ಪಳ ಎತ್ತುತ್ತಿದ್ದಳು. ಇವನನ್ನು ಕಂಡು ಬೆನ್ನು ನೆಟ್ಟಗೆ ಮಾಡಿ, ‘ಮುಂದಿನ ಸಲವೂ ನಿಲ್ಲುತ್ತೀಯೇನೋ?’ ಎಂದು ಕೇಳಿದಳು.

‘ನೋಡೋಣ ಅಜ್ಜೀ.’

‘ನಿಲ್ಲುವುದಾದರೆ ನಮ್ಮ ಮನೆಗೆ ಮೊದಲೇ ಬಾ. ಅವರು ಬರುವುದಕ್ಕೆ ಮುಂಚೆ ಬಾ’ ಎಂದಳು.